ಕಿವಿ ಹಿಂಡುವ ಕೆಲಸ

ಎರಡು ತಿಂಗಳಿನಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಆರೋಗ್ಯ ಕೆಟ್ಟಿದೆಯೇನೋ ಎಂದು ಹಳೆಯ ವಿದ್ಯಾರ್ಥಿಗಳಿಬ್ಬರು ಫೋನ್ ಮಾಡಿ ವಿಚಾರಿಸಿದರು. ಆರೋಗ್ಯ ಚೆನ್ನಾಗಿಯೇ ಇದೆ. ನಿಜ ಹೇಳಬೇಕೆಂದರೆ, ಈ ವಯಸ್ಸಿನಲ್ಲಿ ನಾನು ಗಿಟಾರಿನ ಸಹವಾಸಕ್ಕೆ ಬಿದ್ದಿದ್ದೆ. ನುಡಿಸುವುದಕ್ಕಲ್ಲ, ಅದರ ಕಿವಿ ಹಿಂಡುವುದಕ್ಕೆ. ಮೂವತ್ತೆರಡು ವರ್ಷ ನಿಮ್ಮೆಲ್ಲರ ಕಿವಿ ಹಿಂಡಿದವನಿಗೆ ಇದೇನು ಹೊಸ ಉದ್ಯೋಗ ಎಂದು ನೀವು ನಗಬಹುದು. ನಗಿರಿ. ಪೂರ್ತಿ ಓದಿದ ಮೇಲೆ ಯಾರ ಕಿವಿ ಹಿಂಡಬೇಕಾಗಿತ್ತು ಎಂಬುದನ್ನು ನೀವೇ ತೀರ್ಮಾನಿಸಿರಿ.

ಮಹಾಂತೇಶ ನಗರದ ನಮ್ಮ ಮನೆಯ ಮೇಲಂತಸ್ತಿನಲ್ಲಿ ಮಗಳ ಸಂಸಾರವಿದೆ. ಮೊಮ್ಮಗ ಪಿಯುಸಿ ವಿಜ್ಞಾನದ ಮೊದಲ ವರ್ಷದಲ್ಲಿದ್ದಾನೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದುದಕ್ಕಾಗಿ ಅಳಿಯಂದಿರು ಅವನಿಗೊಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು. ಗಿಟಾರ್ ಎಂದೊಡನೆ ನನ್ನ ಪೀಳಿಗೆಯವರ ಕಣ್ಣ ಮುಂದೆ ಬರುವುದು 1981ರ ‘ಗೀತಾ’ ಚಿತ್ರದ ಶಂಕರನಾಗ್. ಮರದ ಹೊಟ್ಟೆಯೊಳಗಿಂದ ನಾದ ತುಂಬಿ ಬರುವ ವಾದ್ಯವೆಂದೇ ನಾನು ತಿಳಿದಿದ್ದೆ. ಮೊಮ್ಮಗನ ವಾದ್ಯಕ್ಕೆ ಹೊಟ್ಟೆಯೇ ಇರಲಿಲ್ಲ, ಗಟ್ಟಿಯಾದ ಹಲಗೆ. ತಂತಿ ಮೀಟಿದರೆ ಬಟ್ಟೆ ಒಣಹಾಕುವ ತಂತಿಯನ್ನು ಮಿಡಿದಷ್ಟೇ ಸಪ್ಪಳ.

ಅದರ ಗುಟ್ಟನ್ನು ಅವನೇ ತೋರಿಸಿದ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತರೇಖೆಗಳು ಬದಲಾಗಿ ಅದರಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡ ತತ್ತ್ವ. ನಿಮಗೆಲ್ಲ ನಾನು ಬಾಯಿಪಾಠ ಮಾಡಿಸಿದ್ದೇ. ಅದರ ಮೇಲೆ ಹಾಡು ಬಾರಿಸಬಹುದು ಎಂಬುದನ್ನು ಮಾತ್ರ ಹೇಳಿರಲಿಲ್ಲ, ಏಕೆಂದರೆ ನನಗೇ ಗೊತ್ತಿರಲಿಲ್ಲ.

ಈ ಪುಟ್ಟ ವಿದ್ಯುತ್ತು ಒಂದು ತಂತಿಯ ಮೂಲಕ ಅಂಗೈಯಗಲದ ಪೆಟ್ಟಿಗೆಗೆ, ಅಲ್ಲಿಂದ ಅಂಕಿಗಳಾಗಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಮುಂದಿನದೆಲ್ಲ ತಂತ್ರಾಂಶದ ಕೆಲಸ. ಹಿಂದೆ ಗಿಟಾರ್ ನುಡಿಸುವವರು ಕಾಲಬುಡದಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತಿದ್ದ ಪೆಡಲುಗಳು, ಬೆನ್ನ ಹಿಂದಿನ ಆಂಪ್ಲಿಫೈಯರ್, ಅದರ ಸ್ಪೀಕರು, ಸ್ಪೀಕರಿನ ಮುಂದಿನ ಮೈಕು, ಕೊನೆಗೆ ಆ ಕೋಣೆಯ ಗೋಡೆಗಳೂ ಈಗ ತೆರೆಯ ಮೇಲಿನ ಚಿತ್ರಗಳು. ಆಂಪ್ಲಿಟ್ಯೂಬ್ ಎಂಬುದು 2002ರಲ್ಲಿಯೂ ಗಿಟಾರ್ ರಿಗ್ ಎಂಬುದು 2004ರಲ್ಲಿಯೂ ಬಂದವಂತೆ. ಇವನದು ಅವುಗಳ ಕಿರಿಯ ಬಂಧು. ಪ್ರತಿಯೊಂದು ಚಿತ್ರದ ಮೇಲೂ ಐದಾರು ತಿರುಗುಗುಂಡಿಗಳು. ನಾನು ಎಣಿಸಿ ನೋಡಿದೆ: ಅವನು ಬಳಸುತ್ತಿದ್ದ ಒಂದು ನಾದಕ್ಕೆ ಹನ್ನೊಂದು ಪೆಟ್ಟಿಗೆಗಳು, ಐವತ್ತಮೂರು ಗುಂಡಿಗಳು!

“ಇಷ್ಟನ್ನೂ ನೀನು ತಿರುಗಿಸೀದೇನೋ?” ಎಂದು ಕೇಳಿದೆ.

“ಇಲ್ಲಜ್ಜಾ. ಇದು ಪ್ರಿಸೆಟ್. ಯಾರೋ ಗೊತ್ತಿದ್ದಾವ್ರು ಮಾಡಿಟ್ಟಿರ್ತಾರ. ಹೆಸರ ನೋಡಿ ಒತ್ತೂದು, ಬಾರಿಸೂದು. ಅಷ್ಟ.”

‘ಪ್ರಿಸೆಟ್’ ಎಂದರೆ ಮೊದಲೇ ಹೊಂದಿಸಿಟ್ಟದ್ದು. ಐವತ್ತಮೂರು ಗುಂಡಿಗಳನ್ನೂ ಯಾವನೋ ನಿಪುಣ ತನ್ನ ಕಿವಿಗೆ ಒಪ್ಪುವಂತೆ ತಿರುಗಿಸಿ, ಅದಕ್ಕೊಂದು ಹೆಸರಿಟ್ಟು ಕಟ್ಟಿ ಕೊಟ್ಟ ಬುತ್ತಿ. ಅಂಥವು ಆ ತಂತ್ರಾಂಶದಲ್ಲಿ ನೂರಾರು.

ಆಗ ನಾನು ಸುಮ್ಮನಿದ್ದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಆದರೆ ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ? “ಅಂದ್ರ ಗಿಟಾರ್ ಅಪ್ಪ ಕೊಡಿಸಿದ್ದು, ನಾದ ಇನ್ಯಾವನೋ ಮಾಡಿಟ್ಟಿದ್ದು. ನಿಂದೇನು ಅದರಾಗ?” ಎಂದುಬಿಟ್ಟೆ. ಹುಡುಗ ಏನೂ ಹೇಳಲಿಲ್ಲ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡ. ನಾನು ಏನೋ ದೊಡ್ಡ ಸತ್ಯ ಹೇಳಿದವನಂತೆ ಕೆಳಗಿಳಿದು ಬಂದು ಚಹಾ ಕುಡಿದೆ.

ಅದು ಕಳೆದ ಅಕ್ಟೋಬರ್ ಮಧ್ಯಭಾಗ. ನವೆಂಬರ್ ಒಂದನೆಯ ತಾರೀಖು ಬೆಳಗಾವಿಗೆ ಎಂಥ ದಿನವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅದೇ ವಾರ ಪರಿಚಿತರ ಒಂದು ಸಣ್ಣ ರಾಜ್ಯೋತ್ಸವ ಸಮಾರಂಭದಲ್ಲಿ ಹುಡುಗ ಡಿ. ಎಸ್. ಕರ್ಕಿಯವರ ದೀಪದ ಹಾಡನ್ನು ಗಿಟಾರಿನಲ್ಲಿ ನುಡಿಸುವುದೆಂದು ನಿಶ್ಚಯವಾಗಿತ್ತು. ಪ್ರಿಸೆಟ್ಟೊಂದನ್ನು ಆರಿಸಿಕೊಂಡು ಅವನು ಒಂದು ತಿಂಗಳಿನಿಂದ ಅಭ್ಯಾಸ ಮಾಡಿದ್ದ, ಚೆನ್ನಾಗಿಯೇ ಬರುತ್ತಿತ್ತು. ನನ್ನ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತೆಂದು ಕಾಣುತ್ತದೆ. ಆ ಪ್ರಿಸೆಟ್ಟನ್ನು ಬಿಟ್ಟ. ಎಲ್ಲವನ್ನೂ ತಾನೇ ಹೊಂದಿಸುತ್ತೇನೆಂದು ಹಠ ತೊಟ್ಟ. ಹನ್ನೆರಡು ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು ಗುಂಡಿ ತಿರುಗಿಸಿದ.

ಸಮಾರಂಭದ ದಿನ ನಾನು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆ. ಅವನ ಗಿಟಾರಿನ ತಂತಿಯನ್ನು ಸಭಾಭವನದ ಧ್ವನಿವರ್ಧಕಕ್ಕೆ ಜೋಡಿಸಿದರು. ಮೊದಲ ಸ್ವರ ಮೀಟಿದ. ಅದು ಮುಗಿಯಲೇ ಇಲ್ಲ. ಎರಡನೆಯ ಸ್ವರ ಮೊದಲನೆಯದರ ಮೇಲೆ ಬಿತ್ತು, ಮೂರನೆಯದು ಎರಡರ ಮೇಲೂ. ಹಾಡು ಎಲ್ಲಿಯೋ ಕೆಸರಿನಲ್ಲಿ ಹೂತುಹೋಯಿತು. ಅಷ್ಟರಲ್ಲಿ ಸ್ಪೀಕರುಗಳು ಊಳಿಡತೊಡಗಿದವು. ಮುಂದೆ ಕುಳಿತಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ಹಿಂದಿನಿಂದ ಯಾರೋ ನಕ್ಕರು. ಅರ್ಧಕ್ಕೇ ನಿಲ್ಲಿಸಿ, ತಲೆ ತಗ್ಗಿಸಿಕೊಂಡು ವೇದಿಕೆಯಿಂದಿಳಿದ ಹುಡುಗ ನನ್ನ ಕಡೆ ಒಮ್ಮೆ ನೋಡಿದ. ಆ ನೋಟವನ್ನು ನಾನು ಮರೆಯಲಾರೆ. ಸಿಟ್ಟಿನ ನೋಟವಾಗಿದ್ದರೆ ಮರೆಯಬಹುದಿತ್ತು.

ಮರುದಿನ ಗಿಟಾರ್ ಚೀಲದೊಳಗೆ ಸೇರಿತು, ಚೀಲ ಮಂಚದ ಕೆಳಗೆ. ಮಗಳಿಗೆ ಒಳಗೊಳಗೆ ಸಮಾಧಾನವೇ. “ಇನ್ನರೆ ಫಿಜಿಕ್ಸ್ ಓದ್ತಾನ ಬಿಡ್ರಿ ಅಪ್ಪಾ,” ಎಂದಳು. ನನಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ.

ನಿದ್ದೆ ಬಾರದ ಆ ರಾತ್ರಿಗಳಲ್ಲಿ ನೆನಪಾದದ್ದು ಖಾನಾಪುರ ತಾಲೂಕಿನ ದಿನಗಳು. ನನ್ನ ಮೊದಲ ನೌಕರಿ ಆ ಕಡೆಯ ಒಂದು ಪ್ರೌಢಶಾಲೆಯಲ್ಲಿ. ಜುಲೈ ತಿಂಗಳ ಖಾನಾಪುರದ ಮಳೆಯನ್ನು ಕಂಡವರೇ ಬಲ್ಲರು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಪಾಠವೆಲ್ಲ ಮೂಕಾಭಿನಯ. ಎಷ್ಟು ಕೂಗಿದರೂ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಕೂಗಿದಷ್ಟೂ ಗಂಟಲು ಒಡೆದು ಮಾತು ಇನ್ನೂ ಅಸ್ಪಷ್ಟವಾಗುತ್ತಿತ್ತು. ಎರಡನೆಯ ವರ್ಷಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಎಲ್ಲ ಪಾಠಗಳ ಪ್ರಶ್ನೋತ್ತರಗಳನ್ನು ಒಂದು ದಪ್ಪ ವಹಿಯಲ್ಲಿ ಬರೆದಿಟ್ಟೆ. ಮಳೆ ಬಂದಾಗ ಹಲಗೆಯ ಮೇಲೆ ಬರೆಯುವುದು, ಹುಡುಗರು ಇಳಿಸಿಕೊಳ್ಳುವುದು. ಮಳೆಗಾಲಕ್ಕೆಂದು ಮಾಡಿದ ಉಪಾಯ ಬೇಸಿಗೆಯಲ್ಲೂ ನಡೆಯಿತು. ಖಾನಾಪುರ ಬಿಟ್ಟ ಮೇಲೂ ನಡೆಯಿತು. ಹಾಳೆಗಳು ಹಳದಿಯಾದವು, ಪಠ್ಯಕ್ರಮ ಬದಲಾದಾಗ ಅಲ್ಲಲ್ಲಿ ಚೀಟಿ ಅಂಟಿಸಿದೆ, ವಹಿ ಮಾತ್ರ ಅದೇ. ಫಲಿತಾಂಶ ಚೆನ್ನಾಗಿ ಬರುತ್ತಿತ್ತು. ಯಾರೂ ಆಕ್ಷೇಪಿಸಲಿಲ್ಲ. ನಿಮ್ಮಲ್ಲಿ ಅನೇಕರು ಆ ವಹಿಯ ಬಲದಿಂದಲೇ ಪಾಸಾದವರು.

ಹೀಗಿರುವಾಗ, ಇನ್ನೊಬ್ಬರು ಮಾಡಿಟ್ಟದ್ದನ್ನು ಒತ್ತುತ್ತೀಯಲ್ಲ ಎಂದು ಹುಡುಗನನ್ನು ಹಂಗಿಸಲು ನನಗೇನು ಅಧಿಕಾರವಿತ್ತು?

ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಪ್ರತಿಧ್ವನಿಯ ಪಾಠ. ಮೂಲ ಧ್ವನಿ ಕಿವಿಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿದಿರುತ್ತದೆ. ಆದ್ದರಿಂದ ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಅಡೆತಡೆ ಕನಿಷ್ಠ 17 ಮೀಟರ್ ದೂರವಿರಬೇಕು ಎಂಬುದು ವಹಿಯ ಉತ್ತರ. ಖಾನಾಪುರದ ಕಾಡಂಚಿನ ಒಬ್ಬ ಹುಡುಗ ಪರೀಕ್ಷೆಯಲ್ಲಿ ಬೇರೆಯೇ ಬರೆದಿದ್ದ. ಬೇಸಿಗೆಯಲ್ಲಿ ಎದುರಿನ ಗುಡ್ಡಕ್ಕೆ ಕೂಗಿದರೆ ಕೂಗು ತಿರುಗಿ ಬರುತ್ತದೆ, ಮಳೆಗಾಲದಲ್ಲಿ ಗುಡ್ಡದ ಮೇಲೆ ಹುಲ್ಲು ಗಿಡ ದಟ್ಟವಾಗಿ ಬೆಳೆದಾಗ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ, ಗುಡ್ಡ ಕೂಗನ್ನು ನುಂಗುತ್ತದೆ, ಎಂದು. 17 ಮೀಟರಿನ ಮಾತೇ ಇರಲಿಲ್ಲ. ನಾನು ನಾಲ್ಕಕ್ಕೆ ಒಂದು ಅಂಕ ಕೊಟ್ಟೆ. ಮೃದುವಾದ ವಸ್ತು ಧ್ವನಿಯನ್ನು ಹೀರುತ್ತದೆ ಎಂಬ ವಿಷಯವನ್ನು ಅವನು ಯಾರೂ ಹೇಳಿಕೊಡದೆ ತನ್ನ ಕಿವಿಯಿಂದಲೇ ಕಂಡುಕೊಂಡಿದ್ದ. ಅವನ ಊರೂ ಮುಖವೂ ನೆನಪಿವೆ. ಈ ಸಾಲುಗಳನ್ನು ಅವನು ಓದುತ್ತಿದ್ದರೆ, ಉಳಿದ ಮೂರು ಅಂಕಗಳು ನನ್ನ ಬಳಿ ಇವೆ.

ಮೂರು ವಾರಗಳ ನಂತರ ನಾನೇ ಮೇಲೆ ಹೋಗಿ ಮಂಚದ ಕೆಳಗಿನ ಚೀಲವನ್ನು ಎಳೆದೆ. “ನೀ ಬಾರಿಸಿದ್ದು ಚಲೋನ ಇತ್ತು. ಕೆಟ್ಟದ್ದು ಯಾಕ ಅಂತ ನೋಡೂಣು ಬಾ. ಇದು ಸಂಗೀತದ ಲೆಕ್ಕ ಅಲ್ಲ, ಪ್ರಯೋಗಶಾಲೆ ಲೆಕ್ಕ,” ಎಂದೆ. ಬಹಳ ಹೊತ್ತು ಸುಮ್ಮನಿದ್ದವನು ಕೊನೆಗೆ “ನಿನಗ ಇದು ತಿಳಿಯೂದಿಲ್ಲಜ್ಜಾ” ಎಂದ. “ಹೌದು, ಅದಕ್ಕs ನೀನs ಕಲಿಸು,” ಎಂದೆ. ಅಷ್ಟಕ್ಕೆ ಎದ್ದು ಕುಳಿತ. ಹುಡುಗರು ಬೇರೆ ಯಾವುದಕ್ಕೆ ಒಲಿಯದಿದ್ದರೂ ಮೇಷ್ಟರಿಗೆ ಕಲಿಸುವ ಅವಕಾಶ ಸಿಕ್ಕರೆ ಒಲಿಯುತ್ತಾರೆ.

ಹೊಸ ವಹಿಯೊಂದನ್ನು ತೆರೆದೆವು. ಎರಡು ನಿಯಮ. ಒಂದು, ಒಮ್ಮೆಗೆ ಒಂದೇ ಗುಂಡಿ ತಿರುಗಿಸುವುದು, ಅದರ ಮೊದಲಿನ ಅಂಕಿ ಮತ್ತು ಆಮೇಲಿನ ಅಂಕಿ ಬರೆದುಕೊಳ್ಳುವುದು. ಎರಡು, ಗುಂಡಿ ತಿರುಗಿಸುವವನು ನಾನು, ತೆರೆಗೆ ಬೆನ್ನು ಮಾಡಿ ಕೇಳುವವನು ಅವನು. ಆಮೇಲೆ ಮೂರನೆಯದೊಂದು ಸೇರಿತು. ಎರಡು ನಾದಗಳನ್ನು ಹೋಲಿಸುವಾಗ ಗಟ್ಟಿಯಾಗಿ ಕೇಳಿಸುವುದೇ ಚೆನ್ನಾಗಿದೆಯೆಂದು ಕಿವಿ ಹೇಳುತ್ತದೆ. ಆದ್ದರಿಂದ ಮೊದಲು ಎರಡರ ಗಟ್ಟಿತನವನ್ನು ಸಮ ಮಾಡಿಕೊಳ್ಳಬೇಕು. ಇದು ತಿಳಿಯುವ ಮೊದಲು ನಾವು ಎರಡು ಸಂಜೆ ಮೋಸಹೋದೆವು.

ಮೊದಲ ತಪ್ಪು ಮೊದಲ ಗುಂಡಿಯಲ್ಲೇ ಸಿಕ್ಕಿತು. ‘ಗೇನ್’ ಎಂಬುದು ಒಳಬರುವ ವಿದ್ಯುತ್ತನ್ನು ಎಷ್ಟು ಪಟ್ಟು ಹೆಚ್ಚಿಸಬೇಕೆಂದು ಹೇಳುವ ಗುಂಡಿ. ಜೋಳವನ್ನು ಸೇರಿನಲ್ಲಿ ಅಳೆಯುವಾಗ ತುಂಬಿ ಗುಪ್ಪೆಯಾದ ಮೇಲೆ ಕಟ್ಟಿಗೆಯಿಂದ ಸವರಿ ತಲೆ ಚಪ್ಪಟೆ ಮಾಡುತ್ತಾರಲ್ಲ, ಅದೇ ರೀತಿ ಅಲೆ ತನ್ನ ಮಿತಿ ಮೀರಿದಾಗ ಅದರ ನೆತ್ತಿ ಸವರಿಹೋಗುತ್ತದೆ. ನೆತ್ತಿ ಕಳೆದುಕೊಂಡ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲಿನ ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ, ನಾದ ಒರಟಾಗುತ್ತದೆ. ಗಿಟಾರಿನವರಿಗೆ ಬೇಕಾದದ್ದೇ ಆ ಒರಟು! 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಎಂಬ ಹುಡುಗ ಆ ಒರಟಿಗಾಗಿ ತನ್ನ ಆಂಪ್ಲಿಫೈಯರಿನ ಸ್ಪೀಕರನ್ನೇ ಬ್ಲೇಡಿನಿಂದ ಸೀಳಿದನಂತೆ. ಅದಕ್ಕೂ ಮೊದಲು, 1961ರಲ್ಲಿ ಹೊರಬಂದ ಅಮೆರಿಕದ ಒಂದು ಧ್ವನಿಮುದ್ರಣದಲ್ಲಿ ಯಂತ್ರ ಕೆಟ್ಟು ಗಿಟಾರಿನ ನಾದ ಒಡೆದಿತ್ತು. ಅದು ಜನರಿಗೆ ಹಿಡಿಸಿತು. ಮರುವರ್ಷವೇ ಆ ಕೆಟ್ಟ ನಾದವನ್ನು ಬೇಕೆಂದಾಗ ಕೊಡುವ ಮಾಯೆಸ್ಟ್ರೊ ಎಂಬ ಪೆಡಲು ಅಂಗಡಿಗೆ ಬಂತು. ಇದನ್ನೆಲ್ಲ ಹೇಳಿದವನು ಮೊಮ್ಮಗ. ಯಾವುದೋ ಯಂತ್ರ ಕೆಟ್ಟದ್ದು ಪೆಡಲಾಯಿತು, ಪೆಡಲು ತೆರೆಯ ಮೇಲಿನ ಚಿತ್ರವಾಯಿತು, ಚಿತ್ರದ ಗುಂಡಿ ಕೊನೆಗೆ ಪ್ರಿಸೆಟ್ಟಿನೊಳಗಿನ ಒಂದು ಅಂಕಿಯಾಯಿತು.

ಆದರೆ ಒರಟಿಗೂ ಅಳತೆಯಿದೆ. ಹೆಡ್‌ಫೋನಿನಲ್ಲಿ ಧೈರ್ಯ ಸಾಲದೆ ಅವನು ಗೇನನ್ನು ಎಂಟಕ್ಕೆ ಏರಿಸಿದ್ದ. ಅಷ್ಟು ಗೇನ್ ಇದ್ದಾಗ ಸ್ಪೀಕರಿನ ಸದ್ದೇ ತಂತಿಗಳನ್ನು ನಡುಗಿಸುತ್ತದೆ, ನಡುಗಿದ ತಂತಿ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಸಭೆಯಲ್ಲಿ ಊಳಿಟ್ಟದ್ದು ಈ ಸುತ್ತಾಟವೇ. ಖಾನಾಪುರದ ಮಳೆಯಲ್ಲಿ ಕೂಗಿ ಕೂಗಿ ಗಂಟಲೊಡೆದುಕೊಂಡ ಮೇಷ್ಟರ ಕಥೆಯನ್ನು ಇಲ್ಲಿ ಅವನಿಗೆ ಹೇಳಿದೆ. ಬೆನ್ನು ತಿರುಗಿಸಿ ಕೇಳಿದಾಗ ಅವನಾಗಿಯೇ ಆರಿಸಿದ್ದು ಮೂರನ್ನು.

ಎರಡನೆಯದು ಅನುರಣನ, ಅವರ ಭಾಷೆಯಲ್ಲಿ ರಿವರ್ಬ್. ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಹಲವರನ್ನು ನಾನು ವಿಜಯಪುರದ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. 1656ರ ಸುಮಾರಿಗೆ ಮುಗಿದ ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಈಚೆ ಗೋಡೆಯಿಂದ ಕೂಗಿದ ಧ್ವನಿ ಆಚೆ ಗೋಡೆಗೆ ಹೋಗಿ ಮರಳಲು 76 ಮೀಟರ್ ಕ್ರಮಿಸಬೇಕು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಏಳು ಸಲ ಪ್ರತಿಧ್ವನಿಸುತ್ತದೆ ಎನ್ನುವವರಿದ್ದಾರೆ, ಹತ್ತು ಸಲ ಎನ್ನುವವರೂ ಇದ್ದಾರೆ. ಎಣಿಸಲು ನೀವು ಬಿಟ್ಟಿದ್ದರೆ ತಾನೆ! ಒಬ್ಬನೇ ಚಪ್ಪಾಳೆ ತಟ್ಟಿದಾಗ ಅದ್ಭುತವೆನಿಸಿದ್ದು, ನಲವತ್ತು ಜನ ಒಮ್ಮೆಲೇ ಕಿರುಚಿದಾಗ ಸಂತೆಯಾಯಿತು. ಆ ಗುಮ್ಮಟವೂ ಒಂದು ಪ್ರಿಸೆಟ್ಟೇ, ಗುಂಡಿಯಿಲ್ಲದ ಪ್ರಿಸೆಟ್ಟು. ತಂತ್ರಾಂಶದವರು ಇಂಥ ಕಟ್ಟಡಗಳಲ್ಲಿ ಬಲೂನು ಒಡೆದೋ ಬೇರೆ ಸದ್ದು ಮಾಡಿಯೋ, ಅದು ಅಡಗುವ ಬಗೆಯನ್ನು ದಾಖಲಿಸಿಕೊಂಡು, ನಮ್ಮ ಸ್ವರವೂ ಅಲ್ಲಿಯೇ ಹುಟ್ಟಿದಂತೆ ಮಾಡಿಕೊಡಬಲ್ಲರು.

ಹೆಡ್‌ಫೋನಿಗೆ ಕೋಣೆಯಿಲ್ಲ. ಆದ್ದರಿಂದ ಅದರಲ್ಲಿ ಕೇಳಿದ ಬರಿಯ ನಾದ ಬೋಳಾಗಿ ಕಂಡಿತು. ಹುಡುಗ ತಂತ್ರಾಂಶದಿಂದ ಒಂದು ದೊಡ್ಡ ಸಭಾಂಗಣವನ್ನೇ ತಂದು ಅದಕ್ಕೆ ತೊಡಿಸಿದ. ಸಮಾರಂಭ ನಡೆದದ್ದು ಗಾರೆಯ ಗೋಡೆ, ಹೊಳಪು ಫರಸಿಯ ನಿಜವಾದ ಸಭಾಭವನದಲ್ಲಿ. ಸಭಾಂಗಣದೊಳಗೆ ಸಭಾಂಗಣ ಸೇರಿತು. ಖಾನಾಪುರದ ಆ ಹುಡುಗನಾಗಿದ್ದರೆ ಗೋಡೆಗಳನ್ನು ನೋಡಿದೊಡನೆಯೇ ಹೇಳುತ್ತಿದ್ದನೇನೋ, ಇಲ್ಲಿ ಕೂಗನ್ನು ನುಂಗುವವರು ಯಾರೂ ಇಲ್ಲ ಎಂದು.

ಮೂರನೆಯದರಲ್ಲಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಅದು ಶುದ್ಧ ಗಣಿತ. ‘ಡಿಲೇ’ ಎಂಬುದು ನುಡಿಸಿದ್ದನ್ನು ಸ್ವಲ್ಪ ಹೊತ್ತಿನ ನಂತರ ಮತ್ತೆ ನುಡಿಸುತ್ತದೆ. ಎಷ್ಟು ಹೊತ್ತು? ಅವನ ಹಾಡಿನ ವೇಗ ನಿಮಿಷಕ್ಕೆ 96 ಪೆಟ್ಟು. ಅರವತ್ತು ಸಾವಿರ ಮಿಲಿಸೆಕೆಂಡನ್ನು 96ರಿಂದ ಭಾಗಿಸಿದರೆ ಒಂದು ಪೆಟ್ಟಿಗೆ 625. ಅವನು ಕಿವಿಯಂದಾಜಿನಲ್ಲಿ 480 ಇಟ್ಟಿದ್ದ. ತಿರುಗಿ ಬಂದ ಸ್ವರಗಳು ತಾಳದ ಸಂದಿಯಲ್ಲಿ ಬಿದ್ದು ಕಾಲು ತೊಡರಿಸುತ್ತಿದ್ದವು. 625 ಇಟ್ಟು ನುಡಿಸಿದಾಗ ಇಬ್ಬರೂ ನಕ್ಕೆವು. ಅಂದು ಬಿಟ್ಟುಬಿಟ್ಟ ಆ ಪ್ರಿಸೆಟ್ಟಿನಲ್ಲಿ ಈ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಳ್ಳುವಂತೆ ಹೊಂದಿಸಲಾಗಿತ್ತು ಎಂಬುದು ಆಮೇಲೆ ಗೊತ್ತಾಯಿತು. ಅದನ್ನು ಮಾಡಿಟ್ಟವನ ಮೇಲೆ ನನಗೆ ಗೌರವ ಹುಟ್ಟಿತು. ಅವನನ್ನು ನಾನು ಅಂದು ‘ಯಾವನೋ’ ಎಂದು ಕರೆದಿದ್ದೆ.

ಹಾಗಾದರೆ ಪ್ರಿಸೆಟ್ಟನ್ನೇ ಒತ್ತಿದ್ದರೆ ಸಾಕಿತ್ತೇ? ಅದನ್ನೂ ಪರೀಕ್ಷಿಸಿದೆವು. ಅದನ್ನು ಮಾಡಿದವನ ಗಿಟಾರಿನ ಸುರುಳಿ ಬೇರೆ, ಇವನದು ಬೇರೆ. ಒಂಟಿ ಸುರುಳಿಯ ಗಿಟಾರಿಗಿಂತ ಜೋಡಿ ಸುರುಳಿಯದು ಸಾಮಾನ್ಯವಾಗಿ ಹೆಚ್ಚು ವಿದ್ಯುತ್ತು ಕೊಡುತ್ತದೆ. ಅದೇ ಅಂಕಿಗಳು ಒಂದರಲ್ಲಿ ಮೃದು, ಇನ್ನೊಂದರಲ್ಲಿ ಒರಟು. ಕೈಯ ಬಿರುಸೂ ಬೇರೆ. ಇವನದು ಜೋಡಿ ಸುರುಳಿ, ಮೇಲಾಗಿ ಹದಿನಾರರ ಬಿರುಸು. ಒಳಬರುವ ಮಟ್ಟವನ್ನು ತುಸು ತಗ್ಗಿಸಿದೊಡನೆ ಪ್ರಿಸೆಟ್ಟು ತಾನೇ ಹೇಳಬೇಕಾದ್ದನ್ನು ಹೇಳಿತು. ಒಂದು ಗುಂಡಿ!

“ಮತ್ತ ಎಲ್ಲಾ ನಾವs ಮಾಡೂದು ಬ್ಯಾಡೇನಜ್ಜಾ?” ಎಂದು ಹುಡುಗ ಕೇಳಿದ. ನನ್ನ ಅಕ್ಟೋಬರಿನ ಮಾತು ಇನ್ನೂ ಅವನೊಳಗೆ ಇತ್ತು.

ಆಗ ನಾನು ಅವನಿಗೆ ಪಂಡಿತ ರಾಮಭಾವು ಬಿಜಾಪುರೆಯವರ ವಿಷಯ ಹೇಳಿದೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆನಿಂತು, 2010ರಲ್ಲಿ ತೀರಿಕೊಂಡ ಹಾರ್ಮೋನಿಯಂ ವಿದ್ವಾಂಸರು. ಹಾರ್ಮೋನಿಯಮ್ಮಿನ ಸ್ವರಗಳನ್ನು ನುಡಿಸುವವನು ತಿದ್ದುವಂತಿಲ್ಲ; ಹಿತ್ತಾಳೆಯ ಪೀಪಿಗಳನ್ನು ಕಾರ್ಖಾನೆಯಲ್ಲಿ ಕೆರೆದು ಶ್ರುತಿಗೊಳಿಸಿ ಕೂರಿಸಿರುತ್ತಾರೆ. ಷಡ್ಜ 240 ಕಂಪನವಿದ್ದರೆ ಶುದ್ಧ ಗಾಂಧಾರ 300 ಇರಬೇಕು. ಸಮಭಾಗ ಮಾಡಿದ ಹಾರ್ಮೋನಿಯಮ್ಮಿನಲ್ಲಿ ಅದು 302.4. ಸೆಕೆಂಡಿಗೆ ಎರಡೂವರೆ ಕಂಪನದಷ್ಟು ಈ ಅಂತರ ತಂಬೂರಿಯ ಜೊತೆಗೆ ಕೇಳುವಾಗ ಸಣ್ಣ ಹರಳಿನಂತೆ ಹಲ್ಲಿಗೆ ಸಿಗುತ್ತದೆ. ಗಿಟಾರಿನ ಮೆಟ್ಟಿಲುಗಳೂ ಇದೇ ಲೆಕ್ಕದವು. ಇದೂ ಒಂದು ಕಾರಣವಾಗಿ, ಮೀಂಡು ಬಾರದು ಎಂಬುದು ಇನ್ನೊಂದು ಕಾರಣವಾಗಿ, ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ಆ ನಿಷೇಧ ಸಡಿಲಾದದ್ದು 1971ರಲ್ಲಿ. ಮೂವತ್ತೊಂದು ವರ್ಷ! ಆ ಕಾಲವನ್ನೆಲ್ಲ ದಾಟಿ ಬಂದ ಬಿಜಾಪುರೆಯವರು ಅದೇ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕುಳಿತಾಗ, ತಿದ್ದಲಾಗದ ಆ ಸ್ವರಗಳು ಎಲ್ಲಿ ಅಡಗುತ್ತಿದ್ದವೋ ತಿಳಿಯದು. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಮುಟ್ಟಿ ಬಿಡಬೇಕು, ತಿದಿಯನ್ನು ಎಲ್ಲಿ ಸಡಿಲಿಸಬೇಕು ಎಂಬುದು ಅವರ ಕೈಗೆ ತಿಳಿದಿತ್ತು. ನಗರದ ಒಂದು ಸಭೆಯಲ್ಲಿ ಅವರನ್ನು ಕೇಳಿ ಮನೆಗೆ ನಡೆದು ಬಂದ ರಾತ್ರಿ ನನಗಿನ್ನೂ ನೆನಪಿದೆ. ಕಾಂತರೇಖೆಯೂ 17 ಮೀಟರೂ ಅಂದು ನೆನಪಾಗಲಿಲ್ಲ.

ಹುಡುಗ ಕೇಳಿಸಿಕೊಂಡ. “ಅವ್ರ ಪೆಟ್ಟಿಗಿಗೆ ಗುಂಡಿ ಇರಲಿಲ್ಲ, ಅದಕ್ಕ ಬಾರಿಸಾಕ ಟೈಮ್ ಸಿಕ್ಕಿತು,” ಎಂದ. ಚೇಷ್ಟೆಗೆಂದು ಹೇಳಿದ ಮಾತು. ಆದರೆ ನನಗೆ ಅದು ತಗುಲಿತು. ವಹಿಯನ್ನು ತಿರುವಿ ನೋಡಿದೆ. ಒಂಬತ್ತು ಸಂಜೆಗಳಲ್ಲಿ ನಾವು ನೂರಾ ನಲವತ್ತು ಸಲ ಗುಂಡಿ ತಿರುಗಿಸಿದ್ದೆವು. ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಮ್ಮೆಯೂ ನುಡಿಸಿರಲಿಲ್ಲ! ಮೊದಲ ಎರಡು ಅಳತೆಯ ಒಂದೇ ತುಣುಕನ್ನು ಮತ್ತೆ ಮತ್ತೆ ಮೀಟಿ ಅವನ ಬೆರಳು ಸವೆದಿತ್ತು. ಅಕ್ಟೋಬರಿನ ಹನ್ನೆರಡು ರಾತ್ರಿಗಳಲ್ಲಿಯೂ ಆದದ್ದು ಇದೇ ಇರಬೇಕು. ಸಭೆಯಲ್ಲಿ ಊಳಿಡುವಿಕೆ ಇಲ್ಲದಿದ್ದರೂ ಹಾಡು ತಡವರಿಸುತ್ತಿತ್ತೇನೋ. ಗುಂಡಿ ತಿರುಗಿಸುವುದು ಬಹಳ ಶ್ರಮದ ಕೆಲಸದಂತೆ ತೋರುತ್ತದೆ. ಅದಕ್ಕೇ ಅದು ಅಪಾಯ.

ಅಂದಿನಿಂದ ಕ್ರಮ ಬದಲಿಸಿದೆವು. ಆ ಹಳೆಯ ಪ್ರಿಸೆಟ್ಟನ್ನೇ ತೆರೆದೆವು. ಹನ್ನೊಂದು ಪೆಟ್ಟಿಗೆಗಳಲ್ಲಿ ಒಂದೊಂದನ್ನೇ ಆರಿಸಿ, ಹಾಡನ್ನು ಪೂರ್ತಿ ನುಡಿಸಿ, ವ್ಯತ್ಯಾಸ ತಿಳಿಯದಿದ್ದರೆ ಅದನ್ನು ತೆಗೆದುಹಾಕಿದೆವು. ಏಳು ಹೋದವು. ಉಳಿದ ನಾಲ್ಕರಲ್ಲಿ ತಿದ್ದಿದ್ದು ಆರು ಗುಂಡಿ. ಉಳಿದ ಹೊತ್ತೆಲ್ಲ ಅಭ್ಯಾಸ. ನಾನು ಪಕ್ಕದಲ್ಲಿ ಕುಳಿತು ಪತ್ರಿಕೆ ಓದುವುದು, ತಾಳ ತಪ್ಪಿದಾಗ ಕೆಮ್ಮುವುದು.

ಡಿಸೆಂಬರಿನ ಒಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿಯೇ ನೆರೆಹೊರೆಯ ಹತ್ತು ಹನ್ನೆರಡು ಜನರನ್ನು ಕರೆದು ಅವನಿಂದ ನುಡಿಸಿದೆವು. ನುಡಿಸುವ ಮೊದಲು ಹುಡುಗ ಎದ್ದು ಒಮ್ಮೆ ಚಪ್ಪಾಳೆ ತಟ್ಟಿದ. ಗೋಡೆಗಳ ಕಡೆ ಕಿವಿಗೊಟ್ಟ. ಲ್ಯಾಪ್‌ಟಾಪಿನ ಬಳಿ ಬಾಗಿ ರಿವರ್ಬಿನ ಗುಂಡಿಯನ್ನು ಅರ್ಧಕ್ಕಿಳಿಸಿದ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಹಾಡು ಮುಗಿಯುವವರೆಗೆ ಮಗಳು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಒಂದೆರಡು ಕಡೆ ತಪ್ಪಿದ, ಆದರೆ ನಿಲ್ಲಿಸಲಿಲ್ಲ.

ಆ ಹೊಂದಿಕೆಯನ್ನು ತಂತ್ರಾಂಶದಲ್ಲಿ ‘ಪಡಸಾಲಿ’ ಎಂಬ ಹೆಸರಿನಿಂದ ಉಳಿಸಿದ್ದಾನೆ. ಸಂಕ್ರಾಂತಿಗೆ ಅವನ ಗೆಳೆಯನೊಬ್ಬ ಅದನ್ನು ತನಗೂ ಕೊಡೆಂದು ಕೇಳಿದನಂತೆ, ಕೊಟ್ಟನಂತೆ. ಇನ್ನು ಅದು ಯಾವ ಮನೆಯಲ್ಲಿ ಹೇಗೆ ಕೇಳಿಸುತ್ತದೋ! ನಿನ್ನೆ ಸಂಜೆ ಖಡೇಬಜಾರಿಗೆ ಹೋಗಿ ಹೊಸ ತಂತಿಗಳನ್ನು ತಂದೆವು. ಹಳೆಯವು ತುಕ್ಕು ಹಿಡಿದು ಮಂಕಾಗಿದ್ದವು. ಹೊಸ ತಂತಿ ಏರಿಸಿ, ಕಿವಿ ಹಿಂಡಿ ಶ್ರುತಿ ಮಾಡಿ, ‘ಪಡಸಾಲಿ’ ಒತ್ತಿ ಮೀಟಿದ. ನಾದ ಗಾಜಿನಂತೆ ಚುಚ್ಚಿತು.

“ವಹಿ ತೊಗೊಂಡ ಬಾ ಅಜ್ಜಾ,” ಎಂದ.